ಹನ್ನೆರಡು ಗುಡ್ಡೆ ಮಣ್ಣು

ಅಗೆತ ಮುಗಿದ ದಿನ ಆ ನೆಲವನ್ನು ನಾನೇ ಬ್ರಷ್ಷು ಹಿಡಿದು ಗುಡಿಸಿದೆ. ಇಪ್ಪತ್ತಡಿ ಉದ್ದ, ಹದಿನೈದಡಿ ಅಗಲದ ಗುಂಡಿ. ಅದರ ತಳದಲ್ಲಿ ಸುಟ್ಟು ಕೆಂಪಾಗಿ ಗಟ್ಟಿಯಾದ ಮಣ್ಣಿನ ನೆಲ. ಪಶ್ಚಿಮದ ಅಂಚಿನ ಹತ್ತಿರ, ಮಧ್ಯದಲ್ಲಿ, ಒಂದೂವರೆ ಅಡಿ ಅಗಲದ ದುಂಡನೆಯ ಕುಳಿ; ಅದರ ಒಳಮೈ ಬೆಂಕಿಗೆ ಕರಗಿ ಗಾಜಿನಂತೆ ಹೆಪ್ಪುಗಟ್ಟಿತ್ತು. ನೆಲದ ಮೇಲೆ ಎರಡು ಬೆರಳು ದಪ್ಪಕ್ಕೆ ಕೂತಿದ್ದ ಕರಿಯ ಪುಡಿಮಣ್ಣನ್ನು ಪೂರ್ತಿ ಕೆರೆಸಿ, ಹೊರಿಸಿ, ಆಚೆ ಹಾಕಿಸಿದ್ದೆ. ಫೋಟೋದಲ್ಲಿ ಕೆಂಪು ನೆಲ ಸ್ಪಷ್ಟವಾಗಿ ಬರಬೇಕೆಂಬುದು ನನ್ನ ಆಸೆ. ಸ್ಪಷ್ಟವಾಗಿಯೇ ಬಂತು. ಆ ಫೋಟೋ ಈಗಲೂ ನನ್ನ ಬಳಿ ಇದೆ. ನೋಡಿದಾಗಲೆಲ್ಲ ಕೆನ್ನೆ ಬಿಸಿಯಾಗುತ್ತದೆ.

ಅದು ಅರವತ್ತೆರಡನೆಯ ಇಸವಿಯೋ ಅರವತ್ತಮೂರೋ ಖಚಿತವಾಗಿ ಹೇಳಲಾರೆ. ಟಿಪ್ಪಣಿ ಪುಸ್ತಕದಲ್ಲಿ ತಾರೀಕುಗಳಿವೆ, ಇಸವಿ ಬರೆದಿಲ್ಲ. ಆಗ ಇಸವಿ ಮರೆತುಹೋಗುವ ವಸ್ತು ಎಂದು ನನಗೆ ಅನಿಸಿರಲಿಲ್ಲ. ಇಲ್ಲಿ ಬರೆಯುತ್ತಿರುವುದರಲ್ಲಿ ಅಳತೆಗಳೆಲ್ಲ ಪುಸ್ತಕದಿಂದ ಬಂದವು. ಮಾತುಗಳು ನನ್ನ ನೆನಪಿನವು. ಎರಡನ್ನೂ ಒಂದೇ ತೂಕದಲ್ಲಿ ನಂಬಬೇಡಿ.

ಜಾಗ ಅಜ್ಜಂಪುರದಿಂದ ಮೂರು ಮೈಲಿ. ಹೊಲಗಳ ನಡುವೆ ಆಳೆತ್ತರದ ಒಂದು ದಿಬ್ಬ, ತುಂಬ ಕಬ್ಬಿಣದ ಕಿಟ್ಟ. ಕಾಲಿಟ್ಟರೆ ಕರಕರ ಎನ್ನುವ ಕಪ್ಪು, ತೂತುತೂತಾದ ಕಲ್ಲುಗಳು. ಹತ್ತಿರದ ಕೆರೆಯ ಏರಿಯ ಮೇಲೆ ಏಳೆಂಟು ನೂರು ವರ್ಷ ಹಳೆಯದೊಂದು ಶಾಸನ. ದಾನ ಕೊಟ್ಟ ಗದ್ದೆಯ ಎಲ್ಲೆ ಹೇಳುವಾಗ ಅದರಲ್ಲಿ ಒಂದು ಕುಲುಮೆಯ ಪ್ರಸ್ತಾಪ ಬರುತ್ತದೆ. ಆ ಕುಲುಮೆ ಈ ದಿಬ್ಬದಲ್ಲಿ ಇತ್ತೇ ನೋಡಿ ಬಾ ಎಂದು ನಮ್ಮ ಕಚೇರಿ ನನ್ನನ್ನು ಕಳಿಸಿತ್ತು. ಹಳೆಯ ಕಾವ್ಯ, ನಿಘಂಟುಗಳಿಂದ ಕಮ್ಮಾರನ ಸಾಮಾನುಗಳ ಹೆಸರನ್ನೆಲ್ಲ ಪಟ್ಟಿ ಮಾಡಿಕೊಂಡು ಬಂದಿದ್ದೆ: ತಿದಿ, ಅಡಿಗಲ್ಲು, ಇಕ್ಕಳ, ಸಮ್ಮಟಿಗೆ. ಆ ಪದಗಳು ನನಗೆ ಗೊತ್ತಿದ್ದವು. ಆ ಸಾಮಾನುಗಳನ್ನು ಕೈಯಲ್ಲಿ ಹಿಡಿದಿರಲಿಲ್ಲ.

ಕರಗಿದ ಕುಳಿ ಸಿಕ್ಕಿತು. ಓದಿದ್ದ ಪುಸ್ತಕಗಳ ಚಿತ್ರ ಅದಕ್ಕೆ ಹೊಂದಿಸಿದೆ. ಇದು ಅದಿರು ಕರಗಿಸುವ ಒಲೆ, ಕಮ್ಮಾರನ ಕೆಲಸದ ಗುರುತು ಏನೂ ಇಲ್ಲ, ಇಂಥ ಒಲೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ, ಆದ್ದರಿಂದ ಜಾಗ ಕಾಯ್ದಿಡುವ ಅಗತ್ಯವಿಲ್ಲ ಎಂದು ಕಾಗದ ಬರೆದು ತರೀಕೆರೆಯ ಅಮಲ್ದಾರರಿಗೆ ಒಂದು ಪ್ರತಿ ಹಾಕಿದೆ. ಅವರು ಅದನ್ನು ನಂಬಿ ದಿಬ್ಬವನ್ನು ರಸ್ತೆ ಕೆಲಸಕ್ಕೆ ಕೊಟ್ಟರು. ಹೊಸ ರಸ್ತೆಗೆ ಜಲ್ಲಿಯ ಕೆಳಗೆ ಹಾಕಲು ಕಿಟ್ಟ ಒಳ್ಳೆಯದು. ಹತ್ತು ದಿನ ಬಿಟ್ಟು ಗಾಡಿಗಳು ಬರುವುದೆಂದು ಗೊತ್ತಾಯಿತು.

ಪಿಕಾಸಿಗಳ ಮೊನೆ ಹಣಿಸಲು ಪಕ್ಕದ ಊರಿನ ಕಮ್ಮಾರನಿಗೆ ಕೊಟ್ಟಿದ್ದೆವು. ಅರವತ್ತು ದಾಟಿದ ಮನುಷ್ಯ. ಆ ಸುದ್ದಿ ಬಂದ ದಿನವೇ ಪಿಕಾಸಿಗಳನ್ನು ವಾಪಸು ತಂದವನು ಗುಂಡಿಯ ಅಂಚಿನಲ್ಲಿ ನಿಂತು ಒಳಗೆ ಇಣುಕಿದ.

"ಇದೇನ್ ಸ್ವಾಮಿ, ಮದ್ವೆ ಮನೆ ಅಂಗಳ ಗುಡಿಸ್ದಂಗೆ ಗುಡಿಸ್ಬಿಟ್ಟಿದ್ದೀರಿ?"

"ಹಳೇ ಕಾಲದ ಒಲೆ, ಯಜಮಾನ್ರೇ. ಅದಿರು ಕರಗಿಸ್ತಿದ್ರು."

"ಯಾರು ಹೇಳಿದ್ದು?"

"ಪುಸ್ತಕದಲ್ಲಿದೆ."

"ಪುಸ್ತಕ ಬರ್ದೋನು ಇದ್ರೊಳಕ್ಕೆ ಇಳಿದು ನೋಡಿದ್ನಾ?"

ಕೇಳಿದವನು ತಾನೇ ಇಳಿದ. ಕುಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ತೋಳನ್ನು ಒಳಕ್ಕೆ ಬಿಟ್ಟ. "ಮೊಣಕೈ ಗಂಟ ಬತ್ತದೆ. ಇಷ್ಟ್ರಾಗೆ ಅದಿರು ಕರಗಿಸ್ತಾರಾ? ಕರಗಿದ ಕಿಟ್ಟ ಆಚಿಗೆ ಹರಿಯಾಕೆ ದಾರಿ ಎಲ್ಲೈತೆ ತೋರ್ಸಿ ನೋಡಾನ. ಕುಲುಮೆ ಕಣ್ರೀ ಇದು. ನಮ್ಮನೇದೂ ಇಷ್ಟೇ ಐತೆ."

"ಹಾಗಾದ್ರೆ ಇಷ್ಟೊಂದು ಕಿಟ್ಟ ಎಲ್ಲಿಂದ ಬಂತು?"

"ಆವಾಗ ಪಟ್ಟಿ ಕಬ್ಬಿಣ ಎಲ್ಲಿತ್ತು ಸ್ವಾಮಿ, ಅಂಗಡೀಲಿ ತರಾಕೆ? ಉಂಡೆ ಕಬ್ಬಿಣ. ಅದ್ನ ಕಾಸಿ ಬಡಿ, ಕಾಸಿ ಬಡಿ, ಆಮೇಲೆ ಒಳಗಿರೋ ಕಿಟ್ಟ ಬಿಡ್ತದೆ. ನಮ್ಮ ತಾತ ಹೇಳ್ತಿದ್ದ." ಅವನು ಕೆಂಪು ನೆಲದ ಮೇಲೆ ಅಂಗೈ ಸವರಿ, ಅಂಗೈಯನ್ನೇ ನೋಡಿಕೊಂಡ. ಅದರಲ್ಲಿ ಏನೂ ಇರಲಿಲ್ಲ. "ಅದ್ಸರಿ, ಹಕ್ಕಳೆ ಎಲ್ಲೋಯ್ತು?"

ನನಗೆ ಅರ್ಥವಾಗಲಿಲ್ಲ. ಬಾಯಲ್ಲಿ ಹೇಳಿದರೆ ಇವನಿಗೆ ತಿಳಿಯುವುದಿಲ್ಲ ಎಂದುಕೊಂಡನೋ ಏನೋ, ತನ್ನ ಮನೆಗೆ ಬರಲು ಹೇಳಿದ. ಮುಕ್ಕಾಲು ಮೈಲಿ ನಡೆದೆವು.

ಅವನು ಕೆಲಸ ಮಾಡುತ್ತಿದ್ದ ಮಾಡನ್ನು ಊರವರು ಕುಲುಮೆ ಎನ್ನುತ್ತಿದ್ದರು. ಅವನ ಮನೆಯವರು ಸಾಲೆ ಎನ್ನುತ್ತಿದ್ದರು. ಅವರ ಬಾಯಲ್ಲಿ ಕುಲುಮೆ ಎಂದರೆ ಬೆಂಕಿಯ ಕುಳಿ ಮಾತ್ರ. ನನ್ನ ಪಟ್ಟಿಯಲ್ಲಿದ್ದ ಮುಕ್ಕಾಲು ಪಾಲು ಪದಗಳು ಅಲ್ಲಿ ದಿನದ ಮಾತಿನಲ್ಲಿದ್ದವು. ಬೆಂಕಿಗೆ ಗಾಳಿ ಊದುವ ತೊಗಲಿನ ತಿದಿ ಮಾತ್ರ ಗೋಡೆಗೆ ನೇತುಬಿದ್ದಿತ್ತು. ಅದರ ಬದಲು ಕೈಯಲ್ಲಿ ತಿರುಗಿಸುವ ಕಬ್ಬಿಣದ ಗಾಳಿಚಕ್ರ ಬಂದಿತ್ತು. ಆದರೂ ಅದನ್ನು ತಿರುಗಿಸುತ್ತಿದ್ದ ಸೊಸೆಗೆ ಅವನು "ತಿದಿ ಒತ್ತವ್ವ" ಎಂದೇ ಹೇಳಿದ. ಹೊರಗೆ ಬಿಸಿಲಿದ್ದರೂ ಒಳಗೆ ಮಬ್ಬು. ಮಬ್ಬಿಲ್ಲದಿದ್ದರೆ ಕಾದ ಕಬ್ಬಿಣದ ಬಣ್ಣ ತಿಳಿಯುವುದಿಲ್ಲ, ಬಣ್ಣ ತಿಳಿಯದಿದ್ದರೆ ಹದ ತಪ್ಪುತ್ತದೆ ಎಂದ.

ನೇಗಿಲಿನ ಕುಳವೊಂದನ್ನು ಕಾಸಿ, ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು ಬಡಿದ. ಪ್ರತಿ ಏಟಿಗೂ ಕೆಂಪು ಕಬ್ಬಿಣದ ಮೈಯಿಂದ ತೆಳ್ಳನೆಯ ಸಿಪ್ಪೆಗಳು ಹಾರಿ, ನೆಲಕ್ಕೆ ಬೀಳುವಷ್ಟರಲ್ಲಿ ಕಪ್ಪಾದವು. ಅವು ಹಕ್ಕಳೆ. ಅಡಿಗಲ್ಲಿನ ಸುತ್ತ ಅವು ಎಷ್ಟು ವರ್ಷದಿಂದ ಬಿದ್ದಿದ್ದವೋ, ನೆಲ ಕಾಲಡಿಗೆ ಕರಿಯ ಹಿಟ್ಟಿನಂತೆ ಮೆತ್ತಗಿತ್ತು. ಒಂದು ಹಿಡಿ ಎತ್ತಿ ನನ್ನ ಕೈಗೆ ಹಾಕಿದ. ಮೀನಿನ ಪೊರೆಯಷ್ಟು ಹಗುರ.

"ಬಡಿದ ಜಾಗದಾಗೆ ಇದು ಇದ್ದೇ ಇರ್ತದೆ. ಎಲ್ಲಿ ಜಾಸ್ತಿಯೋ ಅಲ್ಲಿ ಅಡಿಗಲ್ಲು. ನಿಮ್ಮ ಗುಂಡೀಲಿ ಇರ್ಲಿಲ್ವಾ?"

ಇತ್ತು. ಎರಡು ಬೆರಳು ದಪ್ಪ ಇತ್ತು. ಕಸವೆಂದು ಹೊರಿಸಿ ಹಾಕಿದ್ದೆ ಎಂದು ಅವನಿಗೆ ಹೇಳಿದೆ. ಅವನು ನಗಲಿಲ್ಲ. ಸೊಸೆ ನಕ್ಕಳು, ಸೆರಗು ಬಾಯಿಗೆ ಒತ್ತಿಕೊಂಡು.

ಮಾರನೆಯ ದಿನ ಬಸ್ಸು ಹಿಡಿದು ತರೀಕೆರೆಗೆ ಹೋದೆ. ನನ್ನ ಕಾಗದ ತಪ್ಪು, ಅದನ್ನು ವಾಪಸು ಪಡೆಯುತ್ತೇನೆ ಎಂದು ಅಮಲ್ದಾರರ ಮುಂದೆ ನಿಂತು ಹೇಳುವುದು ಸುಲಭವಾಗಿರಲಿಲ್ಲ. ಅವರು ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದರು.

"ಮೊನ್ನೆ ಬೇಡ ಅಂತ ಬರೆದೋರೂ ನೀವೇ, ಇವತ್ತು ಬೇಕು ಅನ್ನೋರೂ ನೀವೇ. ಗಾಡಿಯೋರಿಗೆ ಏನ್ರೀ ಹೇಳಲಿ? ಸಾಹೇಬರಿಗೆ ಕನಸು ಬಿತ್ತು ಅಂತ ಹೇಳಲೇ?"

"ಅಲ್ಲಿ ಕಮ್ಮಾರ ಕೆಲಸ ಮಾಡ್ತಿದ್ದ ಸಾರ್. ಸಾಕ್ಷಿ ಇತ್ತು. ನಾನು ಕಳೆದೆ."

"ಕಳೆದದ್ದನ್ನ ಹುಡುಕಿ. ಗಾಡಿ ಬರೋ ದಿನ ನಾನೇ ಬರ್ತೀನಿ. ಇಂಥಾ ಕಡೆ ಕೂತಿದ್ದ, ಇಂಥಾ ಕಡೆ ಬಡೀತಿದ್ದ ಅಂತ ನನ್ನ ಕಣ್ಣಿಗೆ ತೋರಿಸಿ. ತೋರಿಸಿದ್ರೆ ಆ ಜಾಗ ಬಿಡಿಸ್ತೀನಿ. ಇಲ್ಲದಿದ್ರೆ ಇನ್ನೊಂದು ಕಾಗದ ಬರೀಬೇಡಿ."

ಅವರು ಕಟುವಾಗಿ ಮಾತಾಡಿದರು ಎಂದು ಆಗ ಅನಿಸಿತ್ತು. ತಪ್ಪಿಗೆ ಎರಡನೆಯ ಅವಕಾಶ ಕೊಡುವ ಅಧಿಕಾರಿಗಳು ಎಷ್ಟು ಕಡಿಮೆ ಎಂಬುದು ಆಮೇಲೆ ಗೊತ್ತಾಯಿತು.

ಬಸ್‌ಸ್ಟ್ಯಾಂಡಿನ ಹತ್ತಿರ ಲೌಡ್‌ಸ್ಪೀಕರ್ ರಿಪೇರಿ ಮಾಡುವವನೊಬ್ಬನಿದ್ದ. ಅವನಿಂದ ಒಡೆದ ಸ್ಪೀಕರಿನ ಅಯಸ್ಕಾಂತ ಒಂದನ್ನು ಪಡೆದೆ. ಹಕ್ಕಳೆ ಕಬ್ಬಿಣದ್ದು, ಅಯಸ್ಕಾಂತಕ್ಕೆ ಹತ್ತುತ್ತದೆ. ಕರಿಮಣ್ಣಿನಿಂದ ಅದನ್ನು ಬೇರೆ ಮಾಡಬಹುದು. ಆದರೆ ಬೇರೆ ಮಾಡಿ ಏನು ಪ್ರಯೋಜನ? ಗುಂಡಿಯನ್ನು ಅಗೆಯುವಾಗ ಐದಡಿ ಚೌಕದಂತೆ ಹಗ್ಗ ಕಟ್ಟಿ ಹನ್ನೆರಡು ಚೌಕ ಮಾಡಿದ್ದೆ. ಯಾವ ಚೌಕದಲ್ಲಿ ಹಕ್ಕಳೆ ಜಾಸ್ತಿ ಇತ್ತೆಂದು ಗೊತ್ತಾದರೆ ತಾನೆ ಅಡಿಗಲ್ಲಿನ ಜಾಗ ತಿಳಿಯುವುದು? ಮಣ್ಣನ್ನೆಲ್ಲ ಒಂದೇ ಕಡೆ ಸುರಿಯಲು ನಾನೇ ಹೇಳಿದ್ದೆ. ಬೆರೆತುಹೋದ ಮಣ್ಣಿನಿಂದ ಜಾಗ ತಿಳಿಯುವುದಿಲ್ಲ. ಬಸ್ಸಿನಲ್ಲಿ ಕೂತು, ಮಡಿಲಲ್ಲಿ ಅಯಸ್ಕಾಂತ ಇಟ್ಟುಕೊಂಡು, ಅದನ್ನೇ ಯೋಚಿಸುತ್ತ ಬಂದೆ. ಅದು ಪಕ್ಕದವನ ಕೊಡಲಿಗೆ ಅಂಟಿಕೊಂಡು ಬಿಡಿಸುವುದು ಕಷ್ಟವಾಯಿತು ಎಂಬ ನೆನಪಿದೆ. ಇದು ನಿಜವಾಗಿ ನಡೆಯಿತೋ, ಹೇಳಿ ಹೇಳಿ ಸೇರಿಕೊಂಡದ್ದೋ ಗೊತ್ತಿಲ್ಲ.

ಮಣ್ಣು ಹೊರುತ್ತಿದ್ದವರು ಆರು ಜನ ಹೆಂಗಸರು, ಕಮ್ಮಾರನ ಊರಿನವರೇ; ಒಬ್ಬೊಬ್ಬರಿಗೆ ಎರಡೆರಡು ಚೌಕ. ಅವರಲ್ಲಿ ಹಿರಿಯಾಕೆಯ ಮಾತೇ ಮಾತು. ಮಣ್ಣು ಸುರಿಯುವ ಜಾಗ ದಿಬ್ಬದ ಆಚೆ ಇಳಿಜಾರಿನಲ್ಲಿತ್ತು. ಕೆಲಸ ಶುರುವಾದ ಮೊದಲ ಎರಡು ದಿನ ಅಲ್ಲಿ ಸಣ್ಣ ಸಣ್ಣ ಗುಡ್ಡೆ ಕಂಡು, ಹೀಗೆ ಜಾಗ ಹಾಳುಮಾಡಬೇಡಿ, ಎಲ್ಲ ಒಟ್ಟಿಗೆ ಸುರಿಯಿರಿ ಎಂದು ಗದರಿದ್ದೆ. ಹಿರಿಯಾಕೆ "ಆಯ್ತು ಬಿಡಿ ಸ್ವಾಮಿ" ಎಂದಿದ್ದಳು. ಆಮೇಲೆ ನಾನು ಆ ಕಡೆ ಹೋಗಿರಲಿಲ್ಲ.

ಅವತ್ತು ಹೋದೆ. ಇಳಿಜಾರಿನಲ್ಲಿ ಸಾಲಾಗಿ ಗುಡ್ಡೆಗಳು. ಎಣಿಸಿದೆ. ಹನ್ನೆರಡು. ಪ್ರತಿಯೊಂದರ ನೆತ್ತಿಯ ಮೇಲೂ ಒಂದು ಗುರುತು: ಒಂದರ ಮೇಲೆ ಬೆಣಚುಕಲ್ಲು, ಒಂದರ ಮೇಲೆ ಹೆಂಚಿನ ಚೂರು, ಒಂದರ ಮೇಲೆ ಬನ್ನಿಯ ಕಡ್ಡಿ ನೆಟ್ಟಿತ್ತು. ಕೆಳಗೆ ಕಂದು ಮಣ್ಣು, ಮೇಲೆ ಕೊನೆಗೆ ಸುರಿದ ಕರಿಮಣ್ಣು, ಟೋಪಿ ಹಾಕಿದಂತೆ.

ನಾನು ಬಾಯಿಬಿಟ್ಟು ನಿಂತದ್ದನ್ನು ಹಿರಿಯಾಕೆ ಸಿಟ್ಟೆಂದು ತಿಳಿದಳು.

"ಅಯ್ಯೋ, ಇನ್ನೂ ಅದ್ನೇ ಹಿಡ್ಕಂಡಿದ್ದೀರಾ ಸ್ವಾಮಿ? ಒಟ್ಟು ಮಾಡ್ಬೇಕು ತಾನೆ, ಮಾಡಾನ ಬಿಡಿ, ಯಾಕೆ ಮಕ ಹಂಗೆ ಮಾಡ್ತೀರಿ?" ಎನ್ನುತ್ತ ಸಲಿಕೆ ತೆಗೆದುಕೊಂಡು ಮೊದಲನೆಯ ಗುಡ್ಡೆಗೆ ಹಾಕಿಯೇಬಿಟ್ಟಳು.

ನಾನು ಕೂಗಿದ ಕೂಗಿಗೆ ದೂರದಲ್ಲಿ ಮೇಯುತ್ತಿದ್ದ ಕುರಿಗಳು ಚದುರಿದವಂತೆ. ಹೆಂಗಸರು ಆ ಮಾತನ್ನು ಆಮೇಲೆ ದಿನಾ ಆಡಿಕೊಂಡರು. ನಾನು ಸಲಿಕೆಯನ್ನು ಕಿತ್ತುಕೊಂಡೆ. ಯಾಕೆ ಬೇರೆ ಬೇರೆ ಹಾಕಿದಿರಿ ಎಂದು ಕೇಳಿದೆ.

"ಇನ್ನೆಂಗೆ ಹಾಕ್ತಾರೆ? ಕೆರೆ ಹೂಳೆತ್ತೋವಾಗ ಮನೆಗೊಂದು ಪಾಲು, ಮನೆಗೊಂದು ಗುಡ್ಡೆ. ಅವರವರ ಗುರ್ತು ಅವರವರು ಇಕ್ಕಂತಾರೆ. ಬೆರೆಸ್ಬಿಟ್ರೆ ಯಾರು ಹೊತ್ರು, ಯಾರು ನೆಳ್ಳಲ್ಲಿ ಕುಂತಿದ್ರು ಅಂತ ಗೊತ್ತಾಗ್ತದಾ? ಮೈಗಳ್ಳಿ ಅಂತ ನಾನ್ಯಾಕೆ ಅನ್ನಿಸ್ಕಳ್ಲಿ?" ಪಕ್ಕದಲ್ಲಿದ್ದವಳ ಕಡೆ ಗಲ್ಲ ತೋರಿಸಿ, "ಇವ್ಳ ಗುಡ್ಡೆ ನೋಡಿ, ಬೆಕ್ಕು ಮಣ್ಣು ಕೆರೆದಂಗೈತೆ," ಎಂದಳು.

"ಏ, ನನ್ನ ಚೌಕದಾಗೆ ಮಣ್ಣೇ ಅಷ್ಟು ಇದ್ದಿದ್ದು ಕಣಕ್ಕಾ!" ಎಂದು ಅವಳು ಜಗಳಕ್ಕೆ ನಿಂತಳು.

ಆಕೆ ನನ್ನ ಮಾತು ಕೇಳದೆ ಹೋದದ್ದಕ್ಕೆ ನಾನು ಎಷ್ಟು ಋಣಿಯೆಂದು ಆ ಹೊತ್ತಿನಲ್ಲಿ ಹೇಳಲು ಬರಲಿಲ್ಲ. ಅಲ್ಲೇ ತೀರ್ಮಾನ ಮಾಡಿದೆ: ಇನ್ನು ಒಂದಂಗುಲ ಹೊಸದಾಗಿ ಅಗೆಯುವುದಿಲ್ಲ. ಉಳಿದ ಎಂಟು ದಿನವೂ ಈ ಗುಡ್ಡೆಗಳಿಗೆ. ಅಗೆಯಲು ಬಂದವನು ಎಸೆದ ಮಣ್ಣನ್ನು ಜರಡಿ ಹಿಡಿಯುತ್ತ ಕೂತಿದ್ದಾನೆ ಎಂದು ಕಚೇರಿಗೆ ತಿಳಿದರೆ ಏನೆನ್ನುವರೋ ಎಂಬ ಅಳುಕಿತ್ತು. ಕಚೇರಿಗೆ ತಿಳಿಸಲಿಲ್ಲ.

ಆದರೆ ನಂಬುವುದು ನನಗೆ ಸುಲಭವಲ್ಲ. ಯಾವ ಗುಡ್ಡೆ ಯಾವ ಚೌಕದ್ದು ಎಂದು ಎಲ್ಲರನ್ನೂ ಒಟ್ಟಿಗೆ ಕೇಳಿದರೆ ಹಿರಿಯಾಕೆ ಹೇಳಿದ್ದಕ್ಕೆ ಮಿಕ್ಕವರು ತಲೆಯಾಡಿಸುತ್ತಾರೆ. ಒಬ್ಬೊಬ್ಬರನ್ನೇ ಕರೆದು, ಗುಂಡಿಯ ಅಂಚಿನಲ್ಲಿ ನಿಲ್ಲಿಸಿ, ಮೊದಲು ಚೌಕ ತೋರಿಸಲು ಹೇಳಿದೆ. ಆಮೇಲೆ ಇಳಿಜಾರಿಗೆ ಹೋಗಿ ಗುಡ್ಡೆ ತೋರಿಸಲು ಹೇಳಿದೆ. ಮರುದಿನ ಬೆಳಿಗ್ಗೆ ಇನ್ನೊಂದು ಸಲ, ಕ್ರಮ ಬದಲಿಸಿ. "ಇದೇನ್ ಸ್ವಾಮಿ, ಕಳ್ಳರ್ನ ಕೇಳ್ದಂಗೆ ಕೇಳ್ತೀರಿ?" ಎಂದು ಒಬ್ಬಳು ಮುನಿಸಿಕೊಂಡಳು. ಹತ್ತು ಗುಡ್ಡೆಗಳ ವಿಷಯದಲ್ಲಿ ಎರಡು ದಿನವೂ ಒಂದೇ ಉತ್ತರ ಬಂತು. ಪೂರ್ವದ ಕೊನೆಯ ಎರಡು ಚೌಕಗಳ ಗುಡ್ಡೆಗಳ ವಿಷಯದಲ್ಲಿ ಮಾತ್ರ ಗೊಂದಲ. ಅವನ್ನು ಹೊರಬೇಕಿದ್ದವಳು ಜ್ವರದಿಂದ ಒಂದು ದಿನ ಬಂದಿರಲಿಲ್ಲ, ಅವಳ ನಾದಿನಿ ಹೊತ್ತಿದ್ದಳು. ಆ ಎರಡನ್ನು ಲೆಕ್ಕದಿಂದ ಬಿಟ್ಟೆ.

ಕೆಲಸ ಹೀಗೆ. ಪ್ರತಿ ಗುಡ್ಡೆಯ ಮೇಲಿನ ಕರಿಮಣ್ಣಿನಿಂದ ಒಂದೇ ಸೇರಿನಲ್ಲಿ ಅಳೆದು ಹತ್ತು ಸೇರು. ಬಿಸಿಲಲ್ಲಿ ಗೋಣಿಯ ಮೇಲೆ ಹರಡಿ ಒಣಗಿಸುವುದು. ಹಿಟ್ಟು ಸೋಸುವ ಜರಡಿಯಲ್ಲಿ ಸೋಸುವುದು. ಅಯಸ್ಕಾಂತಕ್ಕೆ ತೆಳುವಾದ ಕಾಗದ ಸುತ್ತಿ ಮಣ್ಣಿನ ಮೇಲೆ ಮೂರು ಸಲ ಆಡಿಸುವುದು. ಕಾಗದ ಬಿಚ್ಚಿದರೆ ಅಂಟಿದ್ದು ಕೆಳಗೆ ಉದುರುತ್ತದೆ. ಅದನ್ನು ಅಂಗಡಿಯ ಸಣ್ಣ ತಕ್ಕಡಿಯಲ್ಲಿ ತೂಗಿ ಬರೆಯುವುದು. ಮೂರನೆಯ ದಿನ ನನ್ನ ಸಂಶಯ ಇನ್ನೊಂದು ಕಡೆಯಿಂದ ಬಂತು. ಈ ಸೀಮೆಯ ಮಣ್ಣಿನಲ್ಲೇ ಕಬ್ಬಿಣ ಇದೆ, ಬರಿಯ ಹೊಲದ ಮಣ್ಣೂ ಅಯಸ್ಕಾಂತಕ್ಕೆ ಹತ್ತಿದರೆ? ದೂರದ ಹೊಲದಿಂದ ಹತ್ತು ಸೇರು ತರಿಸಿ ನೋಡಿದೆ. ಹತ್ತಿತು. ಆ ಸಂಜೆಯ ಪುಟದಲ್ಲಿ ಏನೂ ಬರೆದಿಲ್ಲ.

ಮರುದಿನ ಭೂತಗನ್ನಡಿ ಹಿಡಿದು ನೋಡಿದಾಗ ವ್ಯತ್ಯಾಸ ಕಂಡಿತು. ಹೊಲದ ಮಣ್ಣಿನ ಕಾಳುಗಳು ಸಾಸಿವೆಯಂತೆ ಗುಂಡಗಿದ್ದವು. ಹಕ್ಕಳೆ ಚಪ್ಪಟೆ, ಒಂದು ಮೈ ನುಣುಪು. ಎರಡನ್ನೂ ಬೇರೆ ಮಾಡುವ ಬಗೆ ನನಗೆ ಹೊಳೆಯಲಿಲ್ಲ. ಹೆಂಗಸರಿಗೆ ಅದು ರಾಗಿಯಿಂದ ಹೊಟ್ಟು ತೆಗೆಯುವ ಕೆಲಸ. ಮೊರ ತಂದರು. ಗುಂಡನೆಯದು ಉರುಳಿ ಮುಂದಕ್ಕೆ ಬಂತು, ಚಪ್ಪಟೆಯದು ಹಿಂದೆ ಉಳಿಯಿತು. ನಾನು ಗಾಜಿನಲ್ಲಿ ಪರೀಕ್ಷಿಸಿದೆ. ನೂರಕ್ಕೆ ನೂರಲ್ಲದಿದ್ದರೂ ಸಾಕಷ್ಟು ಶುದ್ಧವಾಗಿತ್ತು. ಮೊದಲಿನದನ್ನೆಲ್ಲ ಮತ್ತೆ ಕೇರಿಸಿ ಮತ್ತೆ ತೂಗಿದೆ.

ಏಳನೆಯ ದಿನ ನಕ್ಷೆ ತಯಾರಾಯಿತು. ಕುಳಿಯ ಪೂರ್ವಕ್ಕಿರುವ, ಮಧ್ಯದ ಸಾಲಿನ ಎರಡನೆಯ ಚೌಕದಲ್ಲಿ ಹಕ್ಕಳೆ ಎಲ್ಲಕ್ಕಿಂತ ಹೆಚ್ಚು. ಆ ಚೌಕದ ನೆಲದಲ್ಲಿ ಗೇಣಗಲದ ಒಂದು ಮೆತ್ತನೆಯ ಜಾಗ ಇತ್ತು; ಇಲಿಬಿಲ ಎಂದು ಹಿಂದೆ ಬರೆದಿದ್ದೆ. ಈಗ ಕೈಯಿಂದ ಬಿಡಿಸಿದರೆ ಚೌಕನೆಯ ಗುಳಿ, ಬದಿಗಳಲ್ಲಿ ಬಿಗಿಯಲು ತುರುಕಿದ ಕಲ್ಲುಚೂರು. ಅಡಿಗಲ್ಲನ್ನು ಯಾರೋ ಕಿತ್ತು ಒಯ್ದಿದ್ದರು. ಅದು ಕೂತಿದ್ದ ಜಾಗ ಉಳಿದಿತ್ತು. ಒಂದು ವಿಷಯ ಮಾತ್ರ ಹೊಂದಲಿಲ್ಲ: ಅದರ ದಕ್ಷಿಣದ ಚೌಕದಲ್ಲಿ ಬಿದ್ದ ಹಕ್ಕಳೆ ಉತ್ತರದ ಚೌಕದಲ್ಲಿ ಬಿದ್ದದ್ದರ ಸುಮಾರು ಎರಡರಷ್ಟಿತ್ತು. ಗಾಳಿಯ ಕಾರಣ ಇರಬಹುದೆಂದು ಅಂಚಿನಲ್ಲಿ ಬರೆದುಕೊಂಡೆ.

ಅಮಲ್ದಾರರು ಹೇಳಿದ ದಿನ ಬಂದರು. ರಸ್ತೆಯ ಓವರ್‌ಸಿಯರೂ ಬಂದಿದ್ದರು, ಹಿಂದೆ ಒಂಬತ್ತು ಎತ್ತಿನ ಗಾಡಿಗಳು. ನಾನು ನಕ್ಷೆ ಹಿಡಿದು ಮಾತು ಶುರುಮಾಡಿದೆ. ಅಮಲ್ದಾರರು ನಡುವೆಯೇ ತಡೆದರು.

"ಕಸ ತೂಗಿದ್ದು ಸಾಕ್ರೀ. ಕಾಗದ ನಾನೂ ಬರೀತೀನಿ. ಕಣ್ಣಿಗೆ ತೋರಿಸಿ ಅಂದಿದ್ದೆ."

ನಾನು ಹಿಂದೆ ನಿಂತಿದ್ದ ಕಮ್ಮಾರನ ಕಡೆ ನೋಡಿದೆ. ಅವನು ಪಂಚೆ ಎತ್ತಿಕಟ್ಟಿ ಇಳಿದ. ಅಡಿಗಲ್ಲಿನ ಗುಳಿಯ ದಕ್ಷಿಣಕ್ಕೆ ಹೋಗಿ, ಕುಳಿ ತನ್ನ ಎಡಕ್ಕೆ ಬರುವಂತೆ ಕೂತ.

"ಎಡಗೈಯಾಗೆ ಇಕ್ಕಳ, ಬಲಗೈಯಾಗೆ ಸುತ್ತಿಗೆ. ಸಮ್ಮಟಿ ಹೊಡಿಯೋನು ಎದ್ರಿಗೆ ನಿಂತ್ಕತಾನೆ. ಬಡಿದು ಹದ ಹಾಕಾಕೆ ನೀರು ಬೇಕು ಬುದ್ಧಿ. ನೀರಿನ ಬಾನಿ ನನ್ನ ಮಗ್ಗುಲಲ್ಲೇ ಇರ್ಬೇಕು. ಎದ್ರಿಗಿಟ್ರೆ ಹೊಡಿಯೋನು ಅದ್ರೊಳಕ್ಕೇ ಕಾಲಿಕ್ತಾನೆ." ಕುಳಿಯ ಪಕ್ಕ, ತನ್ನ ಎಡಗೈ ಚಾಚಿದಷ್ಟು ದೂರದಲ್ಲಿ ಬೆರಳಿಟ್ಟ. "ಇಲ್ಲಿ ಅಗೀರಿ. ಸಿಕ್ಕದಿದ್ರೆ ನನ್ನ ಕೇಳಿ."

ಆ ಕೆಂಪು ನೆಲದ ಕೆಳಕ್ಕೆ ನಾವು ಅಲ್ಲಿಯವರೆಗೆ ಇಳಿದಿರಲಿಲ್ಲ. ಹಿರಿಯಾಕೆ ಸಣ್ಣ ಗುದ್ದಲಿ ಹಿಡಿದಳು. ಒಂದಡಿ ಇಳಿದರೂ ಗಟ್ಟಿ ಮಣ್ಣೇ. ಒಂದೂವರೆ ಅಡಿಗೆ ಹುಟ್ಟುನೆಲ, ಯಾರೂ ಎಂದೂ ಮುಟ್ಟದ್ದು, ಬಂತು. ಬಾನಿಯಿಲ್ಲ.

"ಸಿಕ್ತಲ್ಲಪ್ಪಾ," ಎಂದರು ಓವರ್‌ಸಿಯರ್. ಗಾಡಿಯವರು ನಕ್ಕರು. ಅಮಲ್ದಾರರು ಗಡಿಯಾರ ನೋಡಿಕೊಂಡರು.

ನನ್ನ ಕಣ್ಣು ಕೈಯಲ್ಲಿದ್ದ ನಕ್ಷೆಯ ಮೇಲೆ ಬಿತ್ತು. "ಯಜಮಾನ್ರೇ," ಎಂದೆ, "ನೀವು ಕೂತಿರೋ ಕಡೇನೇ ಹಕ್ಕಳೆ ಜಾಸ್ತಿ ಸಿಕ್ಕಿರೋದು. ಆಚೆ ಕಡೆ ಅರ್ಧ ಇದೆ."

ಅವನು ತಲೆಯೆತ್ತಿದ. "ನಾನು ಕುಂತಿರೋ ಕಡೆನಾ? ಹೆಂಗಾಯ್ತದೆ? ಕುಂತೋನ ಕಡೆ ಹಾರಿದ್ದು ಅವನ ತೊಡೆ ಮ್ಯಾಲೆ, ತೊಗಲಿನ ಮ್ಯಾಲೆ ಬೀಳ್ತದೆ, ಅವ್ನು ಆಚಿಗೆ ಕೊಡವ್ತಾನೆ. ಜಾಸ್ತಿ ಬೀಳಾದು ಎದ್ರಿಗೆ." ಆಮೇಲೆ ಎರಡು ಕೈಗಳನ್ನೂ ಮುಂದೆ ಹಿಡಿದು, ಸುತ್ತಿಗೆಯ ಕೈ ಇಕ್ಕಳಕ್ಕೆ, ಇಕ್ಕಳದ ಕೈ ಸುತ್ತಿಗೆಗೆ ಬದಲಾಯಿಸಿದವನಂತೆ ಮಾಡಿ, "ಅಯ್ಯ ನಿನ್ನ!" ಎಂದ. ಎದ್ದ. ಅಡಿಗಲ್ಲಿನ ಗುಳಿಯನ್ನು ಸುತ್ತಿಹೋಗಿ ಉತ್ತರದ ಕಡೆ, ಮೊದಲು ಕೂತಿದ್ದಕ್ಕೆ ಎದುರುಮುಖವಾಗಿ ಕೂತ. ಈಗ ಕುಳಿ ಅವನ ಬಲಕ್ಕೆ ಬಂತು. ಬಲಗೈಯನ್ನು ಪಕ್ಕಕ್ಕೆ ಚಾಚಿ ನೆಲ ಮುಟ್ಟಿದ.

"ಇಲ್ಲಿ ಅಗಿಯವ್ವಾ. ಇವ್ನು ಎಡಚ."

ಅಂಗೈಯಗಲ ಕೆಂಪು ನೆಲ ಒಡೆಯುತ್ತಲೇ ಕೆಳಗಿನ ಮಣ್ಣು ಸಡಿಲವಾಗಿತ್ತು. ಮುಕ್ಕಾಲು ಅಡಿಯಲ್ಲಿ ಗುದ್ದಲಿ ಕಲ್ಲಿಗೆ ತಾಗಿ ಟಣ್ ಎಂದಿತು. ಹೆಂಗಸರೆಲ್ಲ ಕೈ ಹಾಕಿದರು. ಬಳಪದ ಕಲ್ಲಿನ ಬಾನಿ, ಅಂಚು ಮುರಿದಿತ್ತು; ಮುರಿದ ಮೇಲೆ ಮಣ್ಣು ತುಂಬಿ ನೆಲ ಬಳಿದುಬಿಟ್ಟಿರಬೇಕು. ಒಳಗೆ ತಳದಲ್ಲಿ ಎರಡು ಬೆರಳು ಕರಿಯ ಮಡ್ಡಿ. ನಾನು ಅಯಸ್ಕಾಂತ ಹಿಡಿದೆ. ಮಡ್ಡಿಯಿಂದ ಸಿಪ್ಪೆಗಳು ಎದ್ದು ನಿಂತವು.

ಬಾನಿ ಸಮ್ಮಟಿ ಹೊಡೆಯುವವನ ಕಡೆಗೂ ಇದ್ದಿರಬಹುದು. ಹಳಬರ ರೂಢಿ ಬೇರೆ ಇದ್ದಿರಬಹುದು. ಒಂದು ಬಾನಿ, ಹತ್ತು ತೂಕಗಳು, ಇಷ್ಟರಿಂದ ಸತ್ತ ಮನುಷ್ಯನ ಕೈ ಯಾವುದೆಂದು ಹೇಳಲಾಗದು. ನನ್ನ ವರದಿಯಲ್ಲಿ ಎಡಚ ಎಂಬ ಮಾತಿಲ್ಲ. ಮಣ್ಣಿನ ಗುಡ್ಡೆಗಳು ಮೇಲ್ವಿಚಾರಕನ ಅಪ್ಪಣೆಗೆ ವಿರುದ್ಧವಾಗಿ, ಕೆಲಸದ ಹೆಂಗಸರಿಂದ ಉಳಿದವು ಎಂಬ ವಾಕ್ಯ ಇದೆ. ಅದನ್ನು ತೆಗೆಯಲು ಮೇಲಿನವರು ಹೇಳಿದರು, ನಾನು ತೆಗೆಯಲಿಲ್ಲ. ನನ್ನ ಕೆಲಸದಲ್ಲಿ ನಾನು ಖಂಡಿತವಾಗಿ ನಂಬುವ ವಾಕ್ಯಗಳು ಕಡಿಮೆ, ಅದೊಂದು.

ಅಮಲ್ದಾರರು ಗುಂಡಿಗೆ ಇಳಿದಿದ್ದರು, ಬೂಟು ಕಳಚಿ. ಬಾನಿಯ ಅಂಚನ್ನು ಮುಟ್ಟಿ ನೋಡಿದರು, ಕಮ್ಮಾರ ಕೂತ ಭಂಗಿಯನ್ನು ನೋಡಿದರು. ಓವರ್‌ಸಿಯರ್ ಕಡೆ ತಿರುಗಿ, "ಈ ಗುಂಡಿಯ ಅಂಚಿಗೆ ಗೂಟ ಹೊಡೆಸಿ. ಅಲ್ಲಿಂದಾಚೆಗೆ ನಿಮ್ಮದು, ಈಚೆ ಮುಟ್ಟಬೇಡಿ," ಎಂದರು. ಗೂಟ ತಂದರು. ಕುಳಿಯ ಹಿಂದೆಯೇ, ಪಶ್ಚಿಮದ ಅಂಚಿನಲ್ಲಿ ಹೊಡೆಯಲು ಶುರುಮಾಡಿದರು. ಅದರಾಚೆ ಅಗೆಯದ ದಿಬ್ಬ. ಅದು ಗಾಡಿಗೆ ಹೋಗುವುದಿತ್ತು. ಸಿಕ್ಕಿದ್ದೇ ಹೆಚ್ಚೆಂದು ನಾನು ಬಾಯಿ ಬಿಡಲಿಲ್ಲ.

ಹಿರಿಯಾಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. "ಅಲ್ಲ ಕಮ್ಮಾರಣ್ಣ, ಇವ್ನು ಇಲ್ಲಿ ಕುಂತ್ಕಂಡ ಸರಿ. ತಿದಿ ಒತ್ತೋಳು ಎಲ್ಲಿ ಕುಂತಿದ್ಲು?"

"ಕುಲುಮೆ ಹಿಂದ್ಗಡೆ. ಇನ್ನೆಲ್ಲಿ ಕುಂತಾಳು?"

ಆಕೆ ಗುಂಡಿಯಿಂದ ಹತ್ತಿ, ಗೂಟ ಹೊಡೆಯುತ್ತಿದ್ದವನನ್ನು ದಾಟಿ, ಅಗೆಯದ ದಿಬ್ಬದ ಮೇಲೆ, ಕುಳಿಯ ನೇರಕ್ಕೆ ಕೂತಳು. ಕೆಳಗೆ ಕಮ್ಮಾರ, ಮೇಲೆ ಆಕೆ, ನಡುವೆ ತಣ್ಣಗಿನ ಕುಳಿ. ಅಮಲ್ದಾರರು ಆಕೆ ಕೂತ ಜಾಗವನ್ನೂ ಗೂಟವನ್ನೂ ನೋಡಿದರು.

"ಅದನ್ನ ಕೀಳ್ರೀ," ಎಂದರು. "ಆ ಅಮ್ಮನ ಹಿಂದೆ ಹೊಡೀರಿ."

ಓವರ್‌ಸಿಯರ್ ಗೊಣಗುತ್ತ ಗೂಟ ಕೀಳಿಸಿ, ಆಕೆಯ ಬೆನ್ನಿಗೆ ತಾಗುವಂತೆ ಇರಿಸಿದರು.

ಆಕೆ ತಿರುಗಿ ನೋಡದೆ ಎರಡು ಮೊಣಕೈಗಳನ್ನೂ ಹಿಂದಕ್ಕೆ ಎಳೆದು ತೋರಿಸಿದಳು. "ಇನ್ನೊಂಚೂರು ಹಿಂದಕ್ಕೆ ಹೋಗ್ರಪ್ಪಾ. ತಿದಿ ಒತ್ತೋಳಿಗೆ ಕೈ ಆಡ್ಬೇಕಲ್ಲ."

ಗೂಟ ಇನ್ನೂ ಮೂರಡಿ ಹಿಂದೆ ಹೋಯಿತು.